ಆ ಮೂಲೆಯ ಮೂರು ಸಾವಿರ ಸೀಟು: ಇಂಗ್ಲೆಂಡಿನಲ್ಲಿ ಅವೇ ಫ್ಯಾನ್ ಆಗಿ ಪಂದ್ಯಕ್ಕೆ ಹೋಗುವುದೆಂದರೆ

ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್‌ನ ಪಂದ್ಯವನ್ನು ಟಿವಿಯಲ್ಲಿ ನೋಡುವಾಗ ಒಂದು ವಿಷಯ ಗಮನಿಸಿರುತ್ತೀರಿ. ಸ್ಟೇಡಿಯಂ ಪೂರ್ತಿ ಒಂದೇ ಬಣ್ಣ, ಆದರೆ ಒಂದು ಮೂಲೆಯಲ್ಲಿ ಮಾತ್ರ ಬೇರೆ ಬಣ್ಣ. ಅಲ್ಲಿರುವವರು ಕೂರುವುದೇ ಇಲ್ಲ, ತೊಂಬತ್ತು ನಿಮಿಷವೂ ನಿಂತಿರುತ್ತಾರೆ. ತಮ್ಮ ತಂಡ ಮೂರು ಗೋಲು ತಿಂದ ಮೇಲೂ ಹಾಡುತ್ತಿರುತ್ತಾರೆ. ಎಷ್ಟೋ ಸಲ ಮಿಕ್ಕ ಸ್ಟೇಡಿಯಂಗಿಂತ ಆ ಮೂಲೆಯ ಸದ್ದೇ ಜಾಸ್ತಿ. ಅವರೇ ಅವೇ ಫ್ಯಾನ್‌ಗಳು, ಎದುರಾಳಿ ತಂಡದ ಬೆನ್ನಿಗೆ ಅದರ ಊರಿಂದ ಬಂದವರು.

ಟಿಕೆಟ್ ತಗೊಂಡರು, ರೈಲು ಹತ್ತಿದರು, ಬಂದು ಕೂಗಿದರು, ಅಷ್ಟೇ ಅಲ್ವಾ ಅನಿಸಬಹುದು. ಅಷ್ಟೇ ಅಲ್ಲ. ಆ ಮೂಲೆಯಲ್ಲಿ ಎಷ್ಟು ಸೀಟು ಇರಬೇಕು, ಅದಕ್ಕೆ ಎಷ್ಟು ದುಡ್ಡು ಕೇಳಬಹುದು, ಯಾರಿಗೆ ಮೊದಲು ಕೊಡಬೇಕು, ಬರುವ ಬಸ್ಸಿನಲ್ಲಿ ಬಿಯರ್ ಇರಬಹುದಾ, ಪಂದ್ಯ ಮುಗಿದ ಮೇಲೆ ಗೇಟು ಯಾವಾಗ ತೆಗೆಯಬೇಕು, ಎಲ್ಲಕ್ಕೂ ಒಂದೊಂದು ನಿಯಮವಿದೆ. ಕೆಲವು ನಿಯಮ ಅವರನ್ನು ಬನ್ನಿ ಎಂದು ಕರೆಯುತ್ತವೆ. ಕೆಲವು ಅವರನ್ನು ಅನುಮಾನದಿಂದಲೇ ನೋಡುತ್ತವೆ. ಯಾಕೆಂದರೆ ಲೀಗ್‌ಗೆ ಇವರು ಬೇಕು, ಇವರಿಲ್ಲದಿದ್ದರೆ ಪಂದ್ಯಕ್ಕೆ ಕಳೆಯೇ ಇಲ್ಲ. ಪೊಲೀಸರಿಗೆ ಇವರೇ ತಲೆನೋವು. ಅವೇ ಫ್ಯಾನ್‌ನ ಇಡೀ ದಿನ ಈ ಎರಡರ ಎಳೆದಾಟದಲ್ಲೇ ಕಳೆಯುತ್ತದೆ.

ಸೀಟು ಎಷ್ಟು, ಯಾರಿಗೆ

ಮೊದಲು ಲೆಕ್ಕ. ಪ್ರೀಮಿಯರ್ ಲೀಗ್‌ನಲ್ಲಿ ಆತಿಥೇಯ ಕ್ಲಬ್ ಎದುರಾಳಿ ಕ್ಲಬ್‌ಗೆ 3,000 ಟಿಕೆಟ್ ಕೊಡಬೇಕು. ಸ್ಟೇಡಿಯಂ ಚಿಕ್ಕದಾಗಿದ್ದರೆ ಅದರ ಒಟ್ಟು ಸೀಟಿನಲ್ಲಿ ಶೇ 10. ಹಾಗಾಗಿ ಸುಮಾರು 74,000 ಜನ ಹಿಡಿಯುವ ಓಲ್ಡ್ ಟ್ರಾಫರ್ಡ್‌ನಲ್ಲಿ ಅವೇ ಫ್ಯಾನ್‌ಗಳು ನೂರಕ್ಕೆ ನಾಲ್ಕು ಜನ. ಹನ್ನೊಂದು ಸಾವಿರ ಚಿಲ್ಲರೆ ಸೀಟಿನ ಬೋರ್ನ್‌ಮತ್‌ಗೆ ಹೋದರೆ ಸಿಗುವುದು ಸಾವಿರದ ನೂರರ ಆಸುಪಾಸು. ಮೈದಾನಕ್ಕೆ ತಾಗಿದ ಒಂದು ಭಾಗವಾದರೂ ಅವರಿಗೆ ಸಿಗಬೇಕು ಎಂಬ ನಿಯಮವೂ ಇದೆ. ಇಲ್ಲದಿದ್ದರೆ ಕ್ಲಬ್‌ಗಳು ಇವರನ್ನು ಎಲ್ಲೋ ಮೇಲಿನ ಅಟ್ಟಕ್ಕೆ ಹತ್ತಿಸಿ ಕೈತೊಳೆದುಕೊಳ್ಳುತ್ತಿದ್ದವು.

ಎಲ್ಲ ಡಿವಿಷನ್‌ಗಳ ತಂಡಗಳೂ ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಲೆಕ್ಕ ಬೇರೆ. ಅಲ್ಲಿ ಶೇ 15ರವರೆಗೆ ಕೇಳುವ ಹಕ್ಕಿದೆ. ಅದಕ್ಕೇ ಕೆಳಗಿನ ಡಿವಿಷನ್‌ನ ತಂಡವೊಂದು ದೊಡ್ಡ ಕ್ಲಬ್‌ನ ಸ್ಟೇಡಿಯಂಗೆ ಬಂದಾಗ ಒಂದಿಡೀ ಬದಿ ಅವರ ಬಣ್ಣವಾಗಿಬಿಡುತ್ತದೆ. ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ನಿಯಮದಂತೆ ಶೇ 5 ಮಾತ್ರ.

ಈಗ ಅಸಲಿ ಜಗಳಕ್ಕೆ ಬರೋಣ. ಮೂರು ಸಾವಿರ ಟಿಕೆಟ್, ಕೇಳುವವರು ಅದರ ಎಷ್ಟೋ ಪಟ್ಟು. ಯಾರಿಗೆ ಕೊಡುವುದು?

ಈ ಟಿಕೆಟ್ ಮಾರುವುದು ಆತಿಥೇಯ ಕ್ಲಬ್ ಅಲ್ಲ, ನಿಮ್ಮದೇ ಕ್ಲಬ್. ಹೆಚ್ಚಿನ ಕ್ಲಬ್‌ಗಳು ಲಾಯಲ್ಟಿ ಪಾಯಿಂಟ್ ಪದ್ಧತಿ ಇಟ್ಟುಕೊಂಡಿವೆ. ನೀವು ಹೋದ ಒಂದೊಂದು ಅವೇ ಪಂದ್ಯಕ್ಕೂ ಪಾಯಿಂಟ್. ಮಾರಾಟ ಶುರುವಾದಾಗ ಜಾಸ್ತಿ ಪಾಯಿಂಟ್ ಇರುವ ಸೀಸನ್ ಟಿಕೆಟ್‌ದಾರರಿಗೆ (ಇಡೀ ಸೀಸನ್‌ನ ತವರು ಪಂದ್ಯಗಳಿಗೆ ಒಟ್ಟಿಗೇ ಟಿಕೆಟ್ ಕೊಂಡವರಿಗೆ) ಮೊದಲ ದಿನ, ಆಮೇಲೆ ಅವರಿಗಿಂತ ಕಡಿಮೆ ಇರುವವರಿಗೆ, ಹೀಗೆ ಇಳಿಯುತ್ತಾ ಬರುತ್ತದೆ. ದೊಡ್ಡ ಪಂದ್ಯವಾದರೆ ಎರಡನೇ ಮೆಟ್ಟಿಲಿಗೆ ಬರುವಷ್ಟರಲ್ಲೇ ಖಾಲಿ.

ನ್ಯಾಯವಾಗಿಯೇ ಇದೆ ಅನಿಸುತ್ತದೆ. ಮಳೆಯಲ್ಲಿ, ಮಂಗಳವಾರ ರಾತ್ರಿ, ಸೋಲು ಗ್ಯಾರಂಟಿ ಇದ್ದಾಗಲೂ ಹೋದವರಿಗೆ ಮೊದಲ ಹಕ್ಕು ಬೇಕಲ್ಲ. ಆದರೆ ಪದ್ಧತಿಯಲ್ಲೇ ಒಂದು ಗಂಟಿದೆ. ಪಾಯಿಂಟ್ ಬೇಕಾದರೆ ಪಂದ್ಯಕ್ಕೆ ಹೋಗಬೇಕು, ಪಂದ್ಯಕ್ಕೆ ಹೋಗಬೇಕಾದರೆ ಪಾಯಿಂಟ್ ಬೇಕು. ಒಳಗಿರುವವರು ಒಳಗೇ ಉಳಿಯುತ್ತಾರೆ, ಹದಿನೆಂಟರ ಹುಡುಗರು ಹೊರಗೆ. ದೊಡ್ಡ ಕ್ಲಬ್‌ಗಳ ಅವೇ ಎಂಡ್‌ನಲ್ಲಿ, ಅಂದರೆ ಅವೇ ಫ್ಯಾನ್‌ಗಳು ಇರುವ ಆ ಮೂಲೆಯಲ್ಲಿ, ನರೆತ ತಲೆಗಳೇ ಜಾಸ್ತಿ ಕಾಣಿಸುತ್ತವೆ ಎಂಬ ದೂರು ಸುಮ್ನೆ ಹುಟ್ಟಿದ್ದಲ್ಲ.

ಇನ್ನೊಂದು ಚಾಳಿಯೂ ಇದೆ. ಪಾಯಿಂಟ್ ಕಳೆದುಕೊಳ್ಳಬಾರದು ಎಂದು ಪ್ರತಿ ಪಂದ್ಯಕ್ಕೂ ಟಿಕೆಟ್ ತಗೊಳ್ಳುವುದು, ತಾನು ಹೋಗದೆ ಗೆಳೆಯನನ್ನು ಕಳಿಸುವುದು. ಪಾಯಿಂಟ್ ಒಬ್ಬನ ಖಾತೆಗೆ, ಸೀಟಿನಲ್ಲಿ ಇನ್ನೊಬ್ಬ. ಇದನ್ನು ಹಿಡಿಯಲು ಕೆಲವು ಕ್ಲಬ್‌ಗಳು ಒಂದಷ್ಟು ಟಿಕೆಟ್‌ಗಳನ್ನು ಮುಂಚೆ ಕಳಿಸುವುದಿಲ್ಲ. ಪಂದ್ಯದ ದಿನ ಸ್ಟೇಡಿಯಂ ಪಕ್ಕದ ಕಿಟಕಿಗೆ ಬಂದು, ಗುರುತಿನ ಚೀಟಿ ತೋರಿಸಿ, ತಾವೇ ತಗೊಳ್ಳಬೇಕು. ಸಿಕ್ಕಿಬಿದ್ದರೆ ವರ್ಷಗಟ್ಟಲೆ ಕೂಡಿಸಿದ ಪಾಯಿಂಟ್ ಹೋಗುತ್ತದೆ.

ಹೊಸಬರಿಗೆ ದಾರಿ ಇಲ್ಲವೇ? ಇದೆ. ಯಾರಿಗೂ ಬೇಡದ ಪಂದ್ಯ ಹುಡುಕಬೇಕು. ಕಪ್ ಟೂರ್ನಿಯ ಆರಂಭದ ಸುತ್ತು, ವಾರದ ನಡುವಿನ ರಾತ್ರಿ, ದೂರದ ಊರು. ಇಲ್ಲವೇ ಕೆಳಗಿನ ಡಿವಿಷನ್‌ಗೆ ಇಳಿಯಬೇಕು, ಅಲ್ಲಿ ಎಷ್ಟೋ ಪಂದ್ಯಗಳಿಗೆ ಟಿಕೆಟ್ ಸಲೀಸಾಗಿ ಸಿಗುತ್ತದೆ. ಬ್ಲ್ಯಾಕ್‌ನಲ್ಲಿ ತಗೊಳ್ಳುವ ಯೋಚನೆ ಮಾತ್ರ ಬೇಡ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾನೂನಿನ ಪ್ರಕಾರ ಅಪರಾಧ. ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಆ ಕಾನೂನಿಲ್ಲ, ಫುಟ್‌ಬಾಲ್‌ಗೆ ಮಾತ್ರ ಇದೆ. ಕಾರಣ ದುಡ್ಡಲ್ಲ. ಬ್ಲ್ಯಾಕ್‌ನಲ್ಲಿ ಕೊಂಡವರು ಎದುರಾಳಿಗಳ ನಡುವೆ ಹೋಗಿ ಕೂತರೆ ಜಗಳ ಹತ್ತುತ್ತದೆ ಎಂಬ ಭಯ.

ಮೂವತ್ತು ಪೌಂಡ್

2016–17ರಿಂದ ಪ್ರೀಮಿಯರ್ ಲೀಗ್‌ನಲ್ಲಿ ಅವೇ ಟಿಕೆಟ್‌ಗೆ 30 ಪೌಂಡ್‌ಗಿಂತ ಜಾಸ್ತಿ ಕೇಳುವಂತಿಲ್ಲ. ಲಂಡನ್ನಿನ ಹೊಸ ಸ್ಟೇಡಿಯಂ ಆದರೂ ಅಷ್ಟೇ. ಪಕ್ಕದ ಬ್ಲಾಕಿನಲ್ಲಿ ಕೂತ ಆತಿಥೇಯ ಅಭಿಮಾನಿ ಅದರ ಎರಡರಷ್ಟು ಕೊಟ್ಟಿರಬಹುದು. ಎಲ್ಲದರ ಬೆಲೆ ಏರುತ್ತಲೇ ಇರುವ ಲೀಗ್‌ನಲ್ಲಿ ಇದೊಂದು ಮಾತ್ರ ಯಾಕೆ ಕದಲದೆ ನಿಂತಿದೆ?

ಅದು ಕ್ಲಬ್‌ಗಳು ಪ್ರೀತಿಯಿಂದ ಕೊಟ್ಟದ್ದಲ್ಲ. 2013ರ ಜನವರಿಯಲ್ಲಿ ಆರ್ಸೆನಲ್ ಸ್ಟೇಡಿಯಂನ ಪಂದ್ಯಕ್ಕೆ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳಿಗೆ ಹಾಕಿದ ಬೆಲೆ 62 ಪೌಂಡ್. ಆಗಿನ ಚಾಂಪಿಯನ್ ತಂಡ, ದೊಡ್ಡ ಪಂದ್ಯ, ಆದರೂ ಒಂಬೈನೂರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗದೆ ವಾಪಸ್ ಹೋದವು. ಟಿವಿಯಲ್ಲಿ ಅವೇ ಎಂಡ್‌ನ ಖಾಲಿ ಸೀಟುಗಳು ಎದ್ದು ಕಂಡವು. ಆಮೇಲೆ ಅಭಿಮಾನಿಗಳ ಒಕ್ಕೂಟ ಅವೇ ಟಿಕೆಟ್ 20 ಪೌಂಡ್ ಸಾಕು ಎಂದು ಚಳವಳಿಯನ್ನೇ ನಡೆಸಿತು. 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್‌ನಲ್ಲಿ ಆದದ್ದು ಇನ್ನೂ ದೊಡ್ಡದು. ಮುಂದಿನ ವರ್ಷ ಹೊಸ ಸ್ಟ್ಯಾಂಡ್‌ನಲ್ಲಿ 77 ಪೌಂಡ್‌ನ ಟಿಕೆಟ್ ಬರಲಿದೆ ಎಂದು ತಿಳಿದ ಸಾವಿರಾರು ಜನ ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2–0 ಮುಂದಿತ್ತು, ಪಂದ್ಯ 2–2ಕ್ಕೆ ಮುಗಿಯಿತು. ಅವರು ಆತಿಥೇಯ ಅಭಿಮಾನಿಗಳೇ, ನಿಜ. ಆದರೆ ಬಿಸಿ ಎಲ್ಲ ಕ್ಲಬ್‌ಗಳಿಗೂ ತಟ್ಟಿತು. ಮುಂದಿನ ತಿಂಗಳೇ 20 ಕ್ಲಬ್‌ಗಳೂ ಸೇರಿ 30 ಪೌಂಡ್ ಮಿತಿಗೆ ಒಪ್ಪಿದವು.

ಟಿವಿ ಹಕ್ಕಿನ ದುಡ್ಡಿನ ಮುಂದೆ ಅವೇ ಟಿಕೆಟ್‌ನಿಂದ ಬರುವುದು ಚಿಲ್ಲರೆ. ಆದರೆ ಆ ಟಿವಿಗೆ ಮಾರುವ ಸರಕಿನಲ್ಲಿ ಅವೇ ಎಂಡ್‌ನ ಗದ್ದಲವೂ ಸೇರಿದೆ. ಖಾಲಿ ಮೂಲೆಯನ್ನು ಯಾರು ಕೊಂಡಾರು?

ಜನರಿಲ್ಲದೆ ಆಡಿದರೆ ಏನಾಗುತ್ತದೆ ಎಂಬುದೂ ಗೊತ್ತಾಯಿತು. ಕೊರೊನಾ ಕಾಲದ 2020–21ರ ಸೀಸನ್ ಬಹುತೇಕ ಖಾಲಿ ಸ್ಟೇಡಿಯಂಗಳಲ್ಲಿ ನಡೆಯಿತು. ಆ ವರ್ಷ ಪ್ರೀಮಿಯರ್ ಲೀಗ್‌ನ 380 ಪಂದ್ಯಗಳಲ್ಲಿ ಆತಿಥೇಯರು ಗೆದ್ದದ್ದು 144, ಬಂದವರು ಗೆದ್ದದ್ದು 153. ಇಂಗ್ಲೆಂಡಿನ ಅಗ್ರ ಡಿವಿಷನ್‌ನಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಎದುರು ಊರಿನ ಸ್ಟೇಡಿಯಂನಲ್ಲಿ ಆಟಗಾರನ ಮೇಲೆ ಬೀಳುವ ಒತ್ತಡ ಎಷ್ಟು ಎಂಬುದು ಜನ ಇಲ್ಲದಾಗ ಅಂಕಿಯಲ್ಲೇ ಕಂಡಿತು. ಆ ಒತ್ತಡದ ನಡುವೆ ತಂಡದ ಕಡೆಗಿರುವ ದನಿ ಎಂದರೆ ಆ ಮೂಲೆಯ ಮೂರು ಸಾವಿರ ಜನರದ್ದು ಮಾತ್ರ.

ದಾರಿ

ಟಿಕೆಟ್ ಸಿಕ್ಕಿತು ಅನ್ನಿ. ಇನ್ನು ದಿನ ಯಾವುದು ಎಂಬ ಪ್ರಶ್ನೆ. ಇದು ತಮಾಷೆಯಲ್ಲ. ಸೀಸನ್ ಶುರುವಾಗುವ ಮೊದಲು ಬರುವ ವೇಳಾಪಟ್ಟಿಯಲ್ಲಿ ಹೆಚ್ಚಿನ ಪಂದ್ಯಗಳು ಶನಿವಾರ ಮಧ್ಯಾಹ್ನ 3ಕ್ಕೆ ಇರುತ್ತವೆ. ಆಮೇಲೆ ಟಿವಿ ಕಂಪನಿಗಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತವೆ. ಬ್ರಿಟನ್‌ನಲ್ಲಿ ಶನಿವಾರ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರಪ್ರಸಾರ ಮಾಡುವಂತಿಲ್ಲ. ಹಾಗಾಗಿ ಟಿವಿಗೆ ಹೋಗುವ ಪಂದ್ಯ ಶನಿವಾರ 12.30ಕ್ಕೋ, ಸಂಜೆ 5.30ಕ್ಕೋ, ಭಾನುವಾರಕ್ಕೋ, ಸೋಮವಾರ ರಾತ್ರಿಗೋ ಜರುಗುತ್ತದೆ. ಕೆಳ ಡಿವಿಷನ್‌ನ ಸ್ಟೇಡಿಯಂಗಳು ಖಾಲಿಯಾಗದಿರಲಿ ಎಂದು ದಶಕಗಳ ಹಿಂದೆ ಮಾಡಿದ ಈ ನಿಯಮಕ್ಕೆ ಬೆಲೆ ತೆರುವವರು ಅವೇ ಫ್ಯಾನ್‌ಗಳು. ಅಗ್ಗದ ರೈಲು ಟಿಕೆಟ್ ಒಂದೇ ಗೊತ್ತಾದ ರೈಲಿಗೆ ಕಟ್ಟಿಬಿದ್ದಿರುತ್ತದೆ. ಪಂದ್ಯದ ದಿನವೋ ಹೊತ್ತೋ ಬದಲಾದರೆ ಆ ದುಡ್ಡು ಹೋಯಿತು. ನ್ಯೂಕಾಸಲ್‌ನಿಂದ ಬೋರ್ನ್‌ಮತ್‌ಗೆ ಒಂದು ದಿಕ್ಕಿಗೇ ಸುಮಾರು 350 ಮೈಲಿ. ಪಂದ್ಯ ಯಾವ ಗಂಟೆಗೆ ಎನ್ನುವುದರ ಮೇಲೆ ಮನೆ ಸೇರುವುದು ಅದೇ ರಾತ್ರಿಯಾ, ಮಾರನೇ ದಿನವಾ ಎನ್ನುವುದು ನಿಂತಿರುತ್ತದೆ. ಆದ್ದರಿಂದ ಅನುಭವಸ್ಥರು ಟಿವಿ ಪಟ್ಟಿ ಬರುವವರೆಗೆ ರೈಲು, ಹೋಟೆಲ್ ಬುಕ್ ಮಾಡುವುದಿಲ್ಲ, ಮಾಡಿದರೂ ರದ್ದು ಮಾಡಬಹುದಾದ್ದನ್ನೇ ಮಾಡುತ್ತಾರೆ.

ಬಸ್ಸಿನಲ್ಲಿ ಹೋಗುವವರಿಗೆ ಬೇರೆ ಪಾಠವಿದೆ. ಕ್ಲಬ್‌ಗಳೂ ಅಭಿಮಾನಿ ಸಂಘಗಳೂ ಕೋಚ್ ಬಸ್ ಮಾಡುತ್ತವೆ. 1985ರ ಕಾನೂನಿನ ಪ್ರಕಾರ ಪಂದ್ಯಕ್ಕೆಂದೇ ಮಾಡಿದ ಬಸ್ಸಿನಲ್ಲಿ ಮದ್ಯ ಇಟ್ಟುಕೊಳ್ಳುವುದೇ ಅಪರಾಧ. ಕುಡಿಯಬೇಕಾಗಿಯೂ ಇಲ್ಲ, ಸೀಟಿನ ಕೆಳಗೆ ಮುಚ್ಚಿದ ಡಬ್ಬಿ ಇದ್ದರೂ ಸಾಕು. ಹೋಗುವಾಗಲೂ ಅಷ್ಟೇ, ವಾಪಸ್ ಬರುವಾಗಲೂ ಅಷ್ಟೇ. ಗೆಳೆಯರೆಲ್ಲ ಸೇರಿ ಮಾಡಿದ ಮಿನಿಬಸ್ಸಿಗೂ ಇದು ಅನ್ವಯಿಸುತ್ತದೆ, ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ. ಸ್ಟೇಡಿಯಂ ಒಳಗೆ ಬಿಯರ್ ಮಾರಬಹುದು, ಆದರೆ ಮೈದಾನ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ. ಅದಕ್ಕೇ ಹಾಫ್‌ಟೈಮ್‌ನಲ್ಲಿ ಎಲ್ಲರೂ ಸೀಟು ಬಿಟ್ಟು ಸ್ಟ್ಯಾಂಡಿನ ಕೆಳಗಿನ ಹಜಾರಕ್ಕೆ ನುಗ್ಗಿ, ಹದಿನೈದು ನಿಮಿಷದಲ್ಲಿ ಕ್ಯೂ ನಿಂತು, ಕೊಂಡು, ಗಟಗಟ ಕುಡಿದು ಓಡಿಬರುತ್ತಾರೆ. ಕುಡಿತ ಕಡಿಮೆ ಮಾಡಲು ಮಾಡಿದ ನಿಯಮ ಹೀಗೆ ಅವಸರದ ಕುಡಿತ ಕಲಿಸಿದೆ ಎಂದು ನನಗನಿಸುತ್ತದೆ. ರಗ್ಬಿ ನೋಡುವವರಿಗೆ ಈ ಕಾನೂನಿಲ್ಲ. ಅವರು ಕೂತಲ್ಲೇ ಲೋಟ ಹಿಡಿದು ಆಟ ನೋಡುತ್ತಾರೆ.

ಸ್ಟೇಡಿಯಂ ಸುತ್ತಲಿನ ಪಬ್‌ಗಳಲ್ಲಿ ಎಲ್ಲಕ್ಕೂ ಪ್ರವೇಶವಿಲ್ಲ. ಕೆಲವದರ ಬಾಗಿಲಲ್ಲೇ ಆತಿಥೇಯ ಅಭಿಮಾನಿಗಳಿಗೆ ಮಾತ್ರ ಎಂಬ ಬೋರ್ಡು ಇರುತ್ತದೆ, ಬಾಗಿಲು ಕಾಯುವವರು ಟಿಕೆಟ್ ನೋಡಿಯೇ ಒಳಗೆ ಬಿಡುತ್ತಾರೆ. ರೈಲು ನಿಲ್ದಾಣದ ಹತ್ತಿರದ ಒಂದೆರಡು ಪಬ್ ಬಂದವರಿಗೆಂದೇ ಇರುತ್ತವೆ. ಯಾವುದು ಎಂದು ಕ್ಲಬ್‌ಗಳೇ ಮುಂಚೆ ತಿಳಿಸುತ್ತವೆ. ಡರ್ಬಿ (ಅಕ್ಕಪಕ್ಕದ ಊರಿನ ಎದುರಾಳಿಗಳ ಪಂದ್ಯ) ಅಲ್ಲದ ಸಾಧಾರಣ ಪಂದ್ಯವಾದರೆ ಎರಡೂ ಕಡೆಯವರು ಬೀದಿಯಲ್ಲಿ ಮಾತಾಡಿಕೊಂಡು ಹೋಗುವುದೇ ಜಾಸ್ತಿ. ಹಳೇ ಹಗೆತನದ ಪಂದ್ಯವಾದರೆ ಜೆರ್ಸಿಯ ಮೇಲೆ ಜಾಕೆಟ್ ಹಾಕಿ ಜಿಪ್ ಎಳೆದುಕೊಂಡು ನಡೆಯುವುದು ವಾಸಿ.

ಗೇಟಿನ ಹತ್ತಿರ

ಅವೇ ಎಂಡ್‌ಗೆ ಬೇರೆಯೇ ದಾರಿ, ಬೇರೆಯೇ ಟರ್ನ್‌ಸ್ಟೈಲ್ (ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗುಗೇಟು). ಲೂಟನ್ ಟೌನ್‌ನ ಕೆನಿಲ್‌ವರ್ತ್ ರೋಡ್ ಸ್ಟೇಡಿಯಂ ಇದಕ್ಕೆ ವಿಚಿತ್ರ ಉದಾಹರಣೆ. ಓಕ್ ರೋಡ್ ಎಂಬ ಬೀದಿಯಲ್ಲಿ ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳ ಸಾಲು. ಆ ಸಾಲಿನ ಮಧ್ಯೆಯೇ ಅವೇ ಫ್ಯಾನ್‌ಗಳ ಪ್ರವೇಶದ್ವಾರ. ಒಳಗೆ ಹೋದರೆ ಕಬ್ಬಿಣದ ಮೆಟ್ಟಿಲು. ಅದನ್ನು ಹತ್ತುವಾಗ ಕೆಳಗೆ ಆ ಮನೆಗಳ ಹಿತ್ತಿಲು ಕಾಣುತ್ತದೆ. 2023–24ರಲ್ಲಿ ಲೂಟನ್ ಪ್ರೀಮಿಯರ್ ಲೀಗ್‌ಗೆ ಬಂದಾಗ ದೊಡ್ಡ ದೊಡ್ಡ ಕ್ಲಬ್‌ಗಳ ಅಭಿಮಾನಿಗಳೂ ಇದೇ ದಾರಿಯಲ್ಲಿ ಹತ್ತಿದರು. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಅವೇ ಫ್ಯಾನ್‌ಗಳ ಹೆಚ್ಚಿನ ಸೀಟು ಹಿಂದಿನಿಂದಲೂ ಸ್ಟ್ಯಾಂಡಿನ ತುತ್ತತುದಿಯಲ್ಲಿ, ಹದಿನಾಲ್ಕು ಸಾಲು ಮೆಟ್ಟಿಲು ಹತ್ತಿದ ಮೇಲೆ. ಊರೆಲ್ಲ ಕಾಣುತ್ತದೆ, ಆಟಗಾರರ ಬೆನ್ನಿನ ನಂಬರ್ ಮಾತ್ರ ಕಣ್ಣು ಕಿರಿದು ಮಾಡಿ ಓದಬೇಕು. ಮಂಡಿನೋವು ಇದ್ದವರು ಮುಂಚೆಯೇ ಕ್ಲಬ್‌ಗೆ ಹೇಳಿ ಕೆಳಗಿನ ಸೀಟು ಅಥವಾ ಲಿಫ್ಟ್ ಕೇಳಿಕೊಳ್ಳಬೇಕು.

ಟರ್ನ್‌ಸ್ಟೈಲ್‌ಗೆ ಮೊದಲು ತಪಾಸಣೆ. ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಬಹಳ ಕಡೆ ಬಿಡುವುದಿಲ್ಲ. ಬಣ್ಣದ ಹೊಗೆ ಬಿಡುವ ಫ್ಲೇರ್ ಜೇಬಿನಲ್ಲಿದ್ದರೆ ಹಚ್ಚದಿದ್ದರೂ ಅಪರಾಧ. ಒಳಗೆ ನೀರಿನ ಬಾಟಲಿ ಕೊಂಡರೆ ಅಂಗಡಿಯವರು ಮುಚ್ಚಳ ತಿರುಗಿಸಿ ತೆಗೆದು ತಾವೇ ಇಟ್ಟುಕೊಂಡು ಬಾಟಲಿ ಮಾತ್ರ ಕೊಡುತ್ತಾರೆ. ಮೊದಲ ಸಲ ನೋಡಿದವರಿಗೆ ಇದೇನು ಎನಿಸುತ್ತದೆ. ಮುಚ್ಚಳ ಹಾಕಿದ ತುಂಬಿದ ಬಾಟಲಿಯನ್ನು ದೂರ ಎಸೆಯಬಹುದು, ಮುಚ್ಚಳವಿಲ್ಲದ್ದು ಕೈಬಿಟ್ಟ ಕೂಡಲೇ ನೀರು ಚೆಲ್ಲಿ ಹಗುರಾಗುತ್ತದೆ. ಅಷ್ಟೇ ವಿಷಯ.

ನಿಮ್ಮ ಊರಿನ ಪೊಲೀಸರೂ ಕೆಲವರು ನಿಮ್ಮ ಜೊತೆಗೇ ಬಂದಿರುತ್ತಾರೆ. ಯಾರು ಸುಮ್ನೆ ಗಲಾಟೆ ಮಾಡುವವರು, ಯಾರು ನಿಜಕ್ಕೂ ಹೊಡೆದಾಟಕ್ಕೆ ಬಂದವರು ಎಂದು ಮುಖ ನೋಡಿ ಹೇಳಬಲ್ಲವರು ಅವರು. ಕ್ಲಬ್‌ನ ಸ್ವಂತ ಸ್ಟೂವರ್ಡ್‌ಗಳೂ (ಸ್ಟೇಡಿಯಂನಲ್ಲಿ ಜನರನ್ನು ನೋಡಿಕೊಳ್ಳುವ ಸಿಬ್ಬಂದಿ) ಒಂದಷ್ಟು ಜನ ಬರುತ್ತಾರೆ. ಏನಾದರೂ ತಕರಾರಾದರೆ ಮೊದಲು ಅವರ ಹತ್ತಿರ ಹೋಗುವುದು ಒಳ್ಳೆಯದು. ಆತಿಥೇಯ ಸ್ಟೂವರ್ಡ್‌ಗೆ ನೀವು ಮೂರು ಸಾವಿರದಲ್ಲಿ ಒಬ್ಬರು, ಇವರಿಗೆ ಗುರುತಿನವರು.

ಈ ಬೇಲಿ ಎಲ್ಲಿಂದ ಬಂತು

ಇಷ್ಟೊಂದು ಬಿಗಿ ಯಾಕೆ ಎಂದು ತಿಳಿಯಬೇಕಾದರೆ 1980ರ ದಶಕಕ್ಕೆ ಹೋಗಬೇಕು. ಅದು ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಹೊಡೆದಾಟದ ಕಾಲ. ರೈಲು, ಬೀದಿ, ಸ್ಟ್ಯಾಂಡ್ ಎಲ್ಲ ಕಡೆ ಗುಂಪುಗಳ ಜಗಳ. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂನಲ್ಲಿ ಯುರೋಪಿಯನ್ ಕಪ್ ಫೈನಲ್‌ಗೆ ಮೊದಲು ಲಿವರ್‌ಪೂಲ್ ಅಭಿಮಾನಿಗಳ ಗುಂಪೊಂದು ಪಕ್ಕದ ಭಾಗಕ್ಕೆ ನುಗ್ಗಿತು. ಹಿಂದೆ ಸರಿದವರ ಒತ್ತಡಕ್ಕೆ ಗೋಡೆ ಕುಸಿಯಿತು. 39 ಜನ ಸತ್ತರು, ಹೆಚ್ಚಿನವರು ಇಟಲಿಯವರು. ಇಂಗ್ಲಿಷ್ ಕ್ಲಬ್‌ಗಳು ಐದು ವರ್ಷ ಯುರೋಪಿನ ಟೂರ್ನಿಗಳಿಂದ ಹೊರಬಿದ್ದವು. ಮದ್ಯದ ಕಾನೂನು ಬಂದದ್ದೂ ಅದೇ ವರ್ಷ. ಬಂದವರನ್ನು ಬೇಲಿ ಹಾಕಿ ಕೂಡಿಹಾಕುವುದೇ ಪರಿಹಾರ ಎಂದು ಎಲ್ಲರೂ ನಂಬಿದ ಕಾಲ ಅದು.

ಆ ಬೇಲಿಯೇ 1989ರ ಏಪ್ರಿಲ್ 15ರಂದು ಜನರನ್ನು ಕೊಂದಿತು. ಶೆಫೀಲ್ಡ್‌ನ ಹಿಲ್ಸ್‌ಬರೊ ಸ್ಟೇಡಿಯಂ, ಎಫ್‌ಎ ಕಪ್ ಸೆಮಿಫೈನಲ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್. ಎರಡು ತಂಡಕ್ಕೂ ಅದು ಬೇರೆಯವರ ಊರು. ಲಿವರ್‌ಪೂಲ್‌ನವರಿಗೆ ಸಿಕ್ಕಿದ್ದು ಲೆಪಿಂಗ್ಸ್ ಲೇನ್ ಕಡೆಯ ಜಾಗ. ಅಲ್ಲಿ ನಿಂತು ನೋಡುವ ಟಿಕೆಟ್ ಇದ್ದ 10,100 ಜನರಿಗೆ ಇದ್ದ ಟರ್ನ್‌ಸ್ಟೈಲ್ ಬರೀ ಏಳು. ಹೊರಗೆ ಜನ ಒತ್ತೊತ್ತಾಗಿ ಸೇರಿದರು. ಪಂದ್ಯಕ್ಕೆ ಎಂಟು ನಿಮಿಷ ಇರುವಾಗ ಪೊಲೀಸ್ ಅಧಿಕಾರಿಯ ಆದೇಶದಂತೆ ದೊಡ್ಡ ಗೇಟು ತೆಗೆದರು. ಒಳಗೆ ಬಂದವರ ಎದುರಿಗೇ ಒಂದು ಸುರಂಗದಂಥ ದಾರಿ ಇತ್ತು. ಅದು ಹೋಗುತ್ತಿದ್ದದ್ದು ಆಗಲೇ ತುಂಬಿಹೋಗಿದ್ದ ನಡುವಿನ ಎರಡು ಆವರಣಗಳಿಗೆ. ಪಕ್ಕದ ಆವರಣಗಳಲ್ಲಿ ಜಾಗವಿತ್ತು, ಅಲ್ಲಿಗೆ ಹೋಗಿ ಎಂದು ಹೇಳುವವರು ಇರಲಿಲ್ಲ. ಮುಂದೆ ಎತ್ತರದ ಬೇಲಿ, ಹಿಂದಿನಿಂದ ಜನ. ಒಟ್ಟು 97 ಜೀವ ಹೋಯಿತು. ತಪ್ಪು ಅಭಿಮಾನಿಗಳದ್ದೇ ಎಂದು ಬಹಳ ವರ್ಷ ಹೇಳಲಾಯಿತು. 2016ರಲ್ಲಿ ತನಿಖಾ ಜ್ಯೂರಿ ಅವರ ನಡವಳಿಕೆ ಕಾರಣವಲ್ಲ, ಇದು ಕಾನೂನುಬಾಹಿರವಾಗಿ ಆದ ಸಾವು ಎಂದು ತೀರ್ಮಾನ ಕೊಟ್ಟಿತು.

ಈಗಿನ ಸ್ಟೇಡಿಯಂ ಹೀಗಿರುವುದು ಆ ದಿನದ ನಂತರ ಆದ ಬದಲಾವಣೆಗಳಿಂದ. ಆ ದುರಂತದ ತನಿಖೆ ಮಾಡಿದ 1990ರ ಟೇಲರ್ ವರದಿಯ ಮೇಲೆ ಅಗ್ರ ಎರಡು ಡಿವಿಷನ್‌ಗಳ ಸ್ಟೇಡಿಯಂಗಳು 1994ರ ಹೊತ್ತಿಗೆ ಪೂರ್ತಿ ಸೀಟಿನವಾದವು. ಎದುರಿನ ಬೇಲಿ ಹೋಯಿತು. ಇವತ್ತು ಎರಡು ಕಡೆಯವರ ನಡುವೆ ಇರುವುದು ಖಾಲಿ ಸೀಟುಗಳ ಮೇಲೆ ಹೊದಿಸಿದ ಬಲೆ, ಅದರ ಅಂಚಿಗೆ ನಿಂತ ಸ್ಟೂವರ್ಡ್‌ಗಳ ಸಾಲು. ಒಳಗೆ ಹೋದವರ ಎಣಿಕೆ ಗೇಟಿನಲ್ಲೇ ಆಗುತ್ತದೆ. ಟಿಕೆಟ್‌ನಲ್ಲಿ ಬರೆದ ಟರ್ನ್‌ಸ್ಟೈಲ್ ಬಿಟ್ಟು ಬೇರೆಯದರಲ್ಲಿ ಬಿಡಿ ಎಂದರೆ ಒಪ್ಪದಿರುವುದು, ಬೇಗ ಬನ್ನಿ ಎಂದು ಪದೇ ಪದೇ ಹೇಳುವುದು ಕಿರಿಕಿರಿ ಅನಿಸಬಹುದು. ಆ ಏಳು ಟರ್ನ್‌ಸ್ಟೈಲ್ ನೆನಪಾದರೆ ಅನಿಸುವುದಿಲ್ಲ.

ಸೀಟು ಬಂದರೂ ಅವೇ ಫ್ಯಾನ್‌ಗಳು ಕೂರಲಿಲ್ಲ. ಇಪ್ಪತ್ತೇಳು ವರ್ಷ ನಿಯಮ ಕೂರಿ ಎಂದಿತು, ಅವೇ ಎಂಡ್ ನಿಂತೇ ಇತ್ತು. ಕೊನೆಗೆ ಸರ್ಕಾರವೇ ಸೋತಿತು ಅನ್ನಬಹುದು. 2022ರ ಜನವರಿಯಲ್ಲಿ ಕೆಲವು ಕ್ಲಬ್‌ಗಳಲ್ಲಿ ಪ್ರಯೋಗವಾಗಿ ನಿಂತು ನೋಡಲು ಅನುಮತಿ ಸಿಕ್ಕಿತು, ಮುಂದಿನ ಸೀಸನ್‌ನಿಂದ ಉಳಿದವರೂ ಕೇಳಬಹುದಾಯಿತು. ಪ್ರತಿ ಸಾಲಿನಲ್ಲೂ ಸೊಂಟದ ಎತ್ತರಕ್ಕೆ ಕಂಬಿ ಇರುತ್ತದೆ, ಗೋಲ್ ಬಿದ್ದಾಗ ಹಿಂದಿನವರು ಮುಂದಿನವರ ಮೇಲೆ ಉರುಳುವುದಿಲ್ಲ. ಆತಿಥೇಯರಿಗೆ ಇಂಥ ಜಾಗ ಕೊಟ್ಟರೆ ಬಂದವರಿಗೂ ಕೊಡಬೇಕು ಎಂಬುದು ಷರತ್ತು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಬಾರದು. ಮುಂದಿನವರೆಲ್ಲ ನಿಂತರೆ ಎಂಟು ವರ್ಷದ ಹುಡುಗಿಗೆ ಕಾಣುವುದು ಬರೀ ಜಾಕೆಟ್‌ಗಳು. ಟಿಕೆಟ್ ತಗೊಳ್ಳುವಾಗಲೇ ಮೊದಲ ಸಾಲು ಕೇಳಿ.

ಮಾಡಬಾರದ್ದರ ಪಟ್ಟಿ ಚಿಕ್ಕದು, ಆದರೆ ಶಿಕ್ಷೆ ಚಿಕ್ಕದಲ್ಲ. 1991ರ ಕಾನೂನಿನಂತೆ ಮೈದಾನಕ್ಕೆ ಇಳಿಯುವುದು, ಏನಾದರೂ ಎಸೆಯುವುದು, ಜನಾಂಗ ನಿಂದನೆಯ ಕೂಗು ಮೂರೂ ಅಪರಾಧ. ಕೊನೇ ನಿಮಿಷದ ಗೋಲಿಗೆ ಖುಷಿ ತಡೆಯಲಾರದೆ ಜಿಗಿದೆ ಎಂದರೂ ಲೆಕ್ಕಕ್ಕಿಲ್ಲ. ಹಿಲ್ಸ್‌ಬರೊದಂಥ ದುರಂತಗಳನ್ನು ಆಡಿಕೊಂಡು ಹಾಡಿದವರ ಮೇಲೂ ಈಗ ಕೇಸು ಬೀಳುತ್ತಿದೆ. ಕೋರ್ಟ್ ಫುಟ್‌ಬಾಲ್ ನಿಷೇಧದ ಆದೇಶ ಕೊಟ್ಟರೆ ಕನಿಷ್ಠ ಮೂರು ವರ್ಷ, ಗರಿಷ್ಠ ಹತ್ತು ವರ್ಷ ಯಾವ ಸ್ಟೇಡಿಯಂಗೂ ಕಾಲಿಡುವಂತಿಲ್ಲ. ತಂಡ ವಿದೇಶದಲ್ಲಿ ಆಡುವಾಗ ಪಾಸ್‌ಪೋರ್ಟ್ ಒಪ್ಪಿಸಬೇಕಾಗಬಹುದು. ಇನ್ನು ಆತಿಥೇಯರ ನಡುವೆ ಸೀಟು ಸಿಕ್ಕಿ ಗುಟ್ಟಾಗಿ ಕೂತವರಿಗೆ ಒಂದು ಮಾತು: ನಿಮ್ಮ ತಂಡ ಗೋಲ್ ಹೊಡೆದಾಗ ಕೈ ಎತ್ತಿದರೆ ಆಟ ಅಲ್ಲಿಗೆ ಮುಗಿಯಿತು. ಹೊರಗೆ ಕಳಿಸುತ್ತಾರೆ, ನಿಮ್ಮ ಸುರಕ್ಷತೆಗೇ ಎಂದು ಹೇಳಿ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಜರ್ಮನಿಯಲ್ಲಿ ಅವೇ ಫ್ಯಾನ್‌ಗಳಿಗೆ ನಿಂತು ನೋಡುವ ಜಾಗ ಎಂದೂ ಹೋಗಲೇ ಇಲ್ಲ. ಅಲ್ಲಿ ಬಹಳ ಕಡೆ ಪಂದ್ಯದ ಟಿಕೆಟ್ ತೋರಿಸಿದರೆ ಊರಿನ ಬಸ್ಸು, ಟ್ರ್ಯಾಮ್ ಬಿಟ್ಟಿ. ಫ್ರಾನ್ಸ್‌ನಲ್ಲಿ ಸರ್ಕಾರದ ಅಧಿಕಾರಿ ಒಂದು ಆದೇಶ ಹೊರಡಿಸಿ ಬರುವವರನ್ನೇ ತಡೆಯಬಹುದು, ತಡೆಯುತ್ತಲೂ ಇರುತ್ತಾರೆ. ಅರ್ಜೆಂಟೀನಾದಲ್ಲಂತೂ 2013ರಲ್ಲಿ ಅಭಿಮಾನಿಯೊಬ್ಬ ಸತ್ತ ಮೇಲೆ ಲೀಗ್ ಪಂದ್ಯಗಳಿಗೆ ಅವೇ ಫ್ಯಾನ್‌ಗಳನ್ನು ಬಿಡುವುದನ್ನೇ ನಿಲ್ಲಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಡೀ ಸ್ಟೇಡಿಯಂ ಒಂದೇ ಬಣ್ಣ.

ಶಿಳ್ಳೆ ಹೊಡೆದ ಮೇಲೆ

ಪಂದ್ಯ ಮುಗಿದ ಕೂಡಲೇ ಹೊರಡಬಹುದು ಎಂದುಕೊಳ್ಳಬೇಡಿ. ಬಿಸಿ ಇರುವ ಪಂದ್ಯವಾದರೆ ಆತಿಥೇಯರು ಬೀದಿಯಿಂದ ಕರಗುವವರೆಗೆ ಅವೇ ಎಂಡ್‌ನ ಗೇಟು ಮುಚ್ಚಿಯೇ ಇರುತ್ತದೆ. ಹತ್ತು ನಿಮಿಷ ಇರಬಹುದು, ಅರ್ಧ ಗಂಟೆಯೂ ಆಗಬಹುದು. ಗೆದ್ದಿದ್ದರೆ ಆ ಹೊತ್ತು ಖಾಲಿ ಸ್ಟೇಡಿಯಂ ನಿಮ್ಮದೇ, ಗಂಟಲು ಹರಿಯುವಷ್ಟು ಹಾಡಬಹುದು. ಸೋತಿದ್ದರೆ ಗಡಿಯಾರ ನೋಡುವುದೇ ಕೆಲಸ.

ಇದಕ್ಕಿಂತ ಬಿಗಿಯಾದದ್ದು, ಬಸ್ಸು ಬಿಟ್ಟು ಬೇರೆ ದಾರಿಯಲ್ಲಿ ಬರಲೇಬಾರದು ಎಂಬ ಏರ್ಪಾಡು. ವೇಲ್ಸ್‌ನ ಕಾರ್ಡಿಫ್ ಮತ್ತು ಸ್ವಾನ್ಸಿ ನಡುವಿನ ಡರ್ಬಿಗಳು ವರ್ಷಗಟ್ಟಲೆ ಹೀಗೇ ನಡೆದವು. ನಿಮ್ಮ ಊರಲ್ಲಿ ಬಸ್ ಹತ್ತಬೇಕು, ಪೊಲೀಸ್ ಬೆಂಗಾವಲಿನಲ್ಲಿ ಹೋಗಬೇಕು, ಅದೇ ಬಸ್ಸಿನಲ್ಲಿ ಮರಳಬೇಕು. 2024ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಆಡಲು ನ್ಯೂಕಾಸಲ್ ತಂಡ ಹೋದಾಗ ಸುಮಾರು 6,000 ಅಭಿಮಾನಿಗಳನ್ನು ಹೀಗೇ ಬಿಟ್ಟಿ ಬಸ್ಸುಗಳಲ್ಲಿ ಸಾಗಿಸಿದರು. ಎರಡು ಊರಿನ ನಡುವಿನ ದೂರ ಹನ್ನೆರಡು ಮೈಲಿಯಷ್ಟೇ. ಸಂಡರ್‌ಲ್ಯಾಂಡ್‌ನಲ್ಲೇ ಮನೆ ಇರುವ ನ್ಯೂಕಾಸಲ್ ಅಭಿಮಾನಿ ಪಂದ್ಯ ನೋಡಬೇಕಾದರೆ ಮೊದಲು ನ್ಯೂಕಾಸಲ್‌ಗೆ ಹೋಗಿ ಬಸ್ ಹತ್ತಿ ತನ್ನ ಊರಿಗೇ ವಾಪಸ್ ಬರಬೇಕಿತ್ತು. ಗಲಾಟೆ ತಡೆಯಲು ಬೇಕು ಎನ್ನುವವರಿದ್ದಾರೆ. ತಪ್ಪೇ ಮಾಡದ ಆರು ಸಾವಿರ ಜನರನ್ನು ಹೀಗೆ ನಡೆಸಿಕೊಳ್ಳುವುದು ಯಾವ ನ್ಯಾಯ ಎನ್ನುವವರೂ ಇದ್ದಾರೆ. ಬೇರೆ ಯಾವ ಆಟದ ಪ್ರೇಕ್ಷಕರೂ ಇದಕ್ಕೆ ಒಪ್ಪುತ್ತಿರಲಿಲ್ಲ, ನಾನಂತೂ ಎರಡನೆಯವರ ಕಡೆ.

ಸಾಧಾರಣ ಪಂದ್ಯದ ದಿನ ಚಿಂತೆ ಒಂದೇ, ವಾಪಸ್ ಹೋಗುವ ಗಾಡಿ. ಸೋಮವಾರ ರಾತ್ರಿ 8ಕ್ಕೆ ಶುರುವಾದ ಪಂದ್ಯ ಮುಗಿಯುವಾಗ ಹತ್ತು ಹತ್ತಿರವಾಗಿರುತ್ತದೆ. ದೂರದ ಊರಿಗೆ ಕೊನೆಯ ರೈಲು ಆ ಹೊತ್ತಿಗೆ ಹೋಗಿಯಾಗಿರುತ್ತದೆ. ಇದರ ಮೇಲಿನ ಕೂಗು ಜೋರಾದಾಗ 2013ರಲ್ಲಿ ಪ್ರೀಮಿಯರ್ ಲೀಗ್ ಒಂದು ನಿಧಿ ಮಾಡಿತು. ಪ್ರತಿ ಕ್ಲಬ್ ವರ್ಷಕ್ಕೆ 2 ಲಕ್ಷ ಪೌಂಡ್ ಅವೇ ಫ್ಯಾನ್‌ಗಳಿಗಾಗಿ ಖರ್ಚು ಮಾಡಬೇಕು ಎಂದು. ಅದರಿಂದ ಕೆಲವು ಕ್ಲಬ್‌ಗಳು ಟಿಕೆಟ್ ಬೆಲೆ ಇಳಿಸಿದವು, ಕೆಲವು ಅಗ್ಗದ ಬಸ್ ಬಿಟ್ಟವು. ಈಗಲೂ ರಾತ್ರಿ ಪಂದ್ಯಕ್ಕೆ ಕ್ಲಬ್ ಬಸ್ಸೇ ಗಟ್ಟಿ. ಅದು ಅವೇ ಎಂಡ್‌ನ ಹತ್ತಿರವೇ ನಿಂತಿರುತ್ತದೆ, ಗೇಟು ತಡವಾಗಿ ತೆಗೆದರೂ ಕಾಯುತ್ತದೆ. ಇಳಿಯುವ ಮೊದಲೇ ಬಸ್ಸಿನ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ. ಕತ್ತಲಲ್ಲಿ ನಲವತ್ತು ಬಿಳಿ ಬಸ್ ಸಾಲಾಗಿ ನಿಂತಿದ್ದರೆ ನಿಮ್ಮದು ಯಾವುದೆಂದು ಗೊತ್ತಾಗುವುದಿಲ್ಲ.